ತುಮಕೂರಿನ ಭಾನುವಾರದ ಕೋಆನ್ ತರಗತಿ: ಎಂಟು ವಾರ, ಒಂದು ‘ಮು’

ತುಮಕೂರಿನ ಎಸ್.ಎಸ್. ಪುರಂನಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ನಡೆಯುವ ಈ ಝೆನ್ ಕೋಆನ್ ಪರಿಚಯ ತರಗತಿಗೆ ಬೋರ್ಡೂ ಇಲ್ಲ, ಜಾಹೀರಾತೂ ಇಲ್ಲ. ಝೆನ್ ಬೌದ್ಧ ಧ್ಯಾನದ ಒಂದು ಪಂಥ; ಕೋಆನ್ ಎಂದರೆ ಅಲ್ಲಿ ಧ್ಯಾನಕ್ಕೆ ಕೂತವರು ಹಿಡಿದುಕೊಳ್ಳುವ, ಹಳೆಯ ಗುರುಗಳ ಒಂದು ಪ್ರಶ್ನೆ ಅಥವಾ ಮಾತು. ಎಂಟು ಭಾನುವಾರ, ಬೆಳಿಗ್ಗೆ 6.30ರಿಂದ 9 ಗಂಟೆ, ತಲೆಗೆ 1,600 ರೂಪಾಯಿ, ಇಪ್ಪತ್ತು ಜನಕ್ಕೆ ಜಾಗ. ಪಾಠವೆಲ್ಲ ಕನ್ನಡದಲ್ಲೇ. ಕೂರುವುದನ್ನು ಇಲ್ಲಿ ಕಲಿಸುವ ರೀತಿಗೆ ಮತ್ತು ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸುವ ಏರ್ಪಾಡಿಗೆ ಕೊಟ್ಟ ದುಡ್ಡು ಸಾರ್ಥಕ. ಕೊನೆಯ ಎರಡು ವಾರ ಮಾತ್ರ, ಮೊದಲ ಆರು ವಾರ ಕಟ್ಟಿದ್ದನ್ನು ತಾವೇ ಸಡಿಲ ಮಾಡುತ್ತಾರೆ.

ಮೊದಲು ಕೈಗೆ ಸಿಗುವುದು 24 ಪುಟದ ಕನ್ನಡ ಕಿರುಹೊತ್ತಿಗೆ. ಅದರ ಮುಖಪುಟದಲ್ಲೇ ಒಂದು ತೊಡಕಿದೆ. ಕೋಆನ್ ಎಂಬುದಕ್ಕೆ ‘ಒಗಟು’ ಎಂದು ಹಾಕಿದ್ದಾರೆ. ಕೋಆನ್ ಜಪಾನೀ ಉಚ್ಚಾರ; ಮೂಲ ಚೀನೀ ಪದ ಗೊಂಗ್‌ಆನ್. ಗೊಂಗ್ ಅಂದರೆ ಸಾರ್ವಜನಿಕ, ಸರ್ಕಾರಿ. ಆನ್ ಅಂದರೆ ಅಧಿಕಾರಿಯ ಮೇಜು, ಆ ಮೇಜಿನ ಮೇಲಿರುವ ಕಡತ. ಕೋರ್ಟು ಕಚೇರಿಯಿಂದ ಬಂದ ಮಾತು ಇದು. ಕನ್ನಡದಲ್ಲಿ ಇದಕ್ಕೆ ‘ಪ್ರಕರಣ’ ಎಂಬ ಪದ ಸಿದ್ಧವಾಗಿಯೇ ಇದೆ. ಒಗಟು ಎಂದರೆ ಬಿಡಿಸಬೇಕು, ಬಿಡಿಸಿದ ಮೇಲೆ ಮುಗಿಯಿತು. ಅಜ್ಜಿ ಹೇಳಿದ ಒಗಟಿಗೆ ‘ತೆಂಗಿನಕಾಯಿ’ ಎಂದರೆ ಆಯಿತು. ಪ್ರಕರಣ ಹಾಗಲ್ಲ. ಅಲ್ಲಿ ಕಟಕಟೆಯಲ್ಲಿ ನಿಲ್ಲುವವರು ಬೇಕು, ಕೋಆನ್ ಹಿಡಿದು ಕೂತವರೇ ಅಲ್ಲಿ ನಿಲ್ಲುವವರು. ಇದು ಬರೀ ಪದದ ಜಗಳವಲ್ಲ. ‘ಒಗಟು’ ಎಂದು ಓದಿಕೊಂಡು ಬಂದವರು ಮೂರನೇ ವಾರದ ಹೊತ್ತಿಗೆ ಜಾಣ ಉತ್ತರ ಹುಡುಕುತ್ತಾ ಕೂತಿರುತ್ತಾರೆ, ಬೆನ್ನು ಬಾಗಿರುತ್ತದೆ, ಹುಬ್ಬು ಗಂಟಿಕ್ಕಿರುತ್ತದೆ. ಮುಖಪುಟ ಬದಲಿಸಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಹೊತ್ತಿಗೆಯ ಚರಿತ್ರೆಯ ಭಾಗ ಚಿಕ್ಕದು, ಹೆಚ್ಚಿನ ಮಟ್ಟಿಗೆ ಸರಿ. ಸಂಸ್ಕೃತದ ಧ್ಯಾನ ಚೀನದಲ್ಲಿ ಛಾನ್ ಆಗಿ, ಜಪಾನಿನಲ್ಲಿ ಝೆನ್ ಆದದ್ದು. ಚೀನದ ಥಾಂಗ್ ರಾಜವಂಶದ ಕಾಲದ ಗುರುಗಳು ಶಿಷ್ಯರೊಂದಿಗೆ ಆಡಿದ ಮಾತುಗಳನ್ನು ನಂತರದ ಸೋಂಗ್ ಕಾಲದವರು ಸಂಗ್ರಹಿಸಿದ್ದು. ಸೋಂಗ್ ಕಾಲದ ಗುರು ವೂಮೆನ್ ಹ್ವೇಖಾಯ್ (1183–1260) 1228ರಲ್ಲಿ 48 ಪ್ರಕರಣಗಳನ್ನು ಜೋಡಿಸಿದ್ದು. ಇಡೀ ಪ್ರಕರಣದ ಬದಲು ಅದರ ಒಂದೇ ತಲೆಮಾತನ್ನು (ಮುಖ್ಯ ಪದವನ್ನು) ಹಿಡಿದು ಕೂರುವ ಪದ್ಧತಿಯನ್ನು ಅದೇ ಕಾಲದ ಇನ್ನೊಬ್ಬ ಗುರು ದಾಹ್ವೇ (1089–1163) ಬಲವಾಗಿ ಎತ್ತಿಹಿಡಿದದ್ದು, ಇವೆಲ್ಲ ಇವೆ. ಒಂದು ಕಡೆ ತಪ್ಪಿದೆ: ‘ಒಂದು ಕೈಯ ಸದ್ದು’ ಕೋಆನನ್ನು ವೂಮೆನ್‌ನ 48ರಲ್ಲಿ ಸೇರಿಸಿದ್ದಾರೆ. ಅದು ಅಲ್ಲಿಲ್ಲ. ಅದು ಸುಮಾರು ಐನೂರು ವರ್ಷದ ನಂತರ ಬಂದ ಜಪಾನಿನ ಝೆನ್ ಗುರು ಹಾಕುಇನ್‌ನದು.

ಆ ಕೋಆನ್ ಕನ್ನಡಕ್ಕೆ ಬಂದಾಗ ಇನ್ನೊಂದು ಅಡ್ಡಿ ಎದುರಾಗುತ್ತದೆ, ಅದನ್ನು ತರಗತಿ ನಡೆಸುವವರು ಚೆನ್ನಾಗಿ ಗುರುತಿಸಿದ್ದಾರೆ. ಎರಡು ಕೈ ತಟ್ಟಿದರೆ ಸದ್ದಾಗುತ್ತದೆ, ಒಂದು ಕೈಯ ಸದ್ದು ಯಾವುದು ಎಂದು ಕೇಳಿದ ಕೂಡಲೇ ನಮ್ಮವರ ಬಾಯಿಗೆ ಬರುವುದು ‘ಒಂದೇ ಕೈಲಿ ಚಪ್ಪಾಳೆ ಆಗಲ್ಲ’ ಎಂಬ ಗಾದೆ. ಜಗಳದಲ್ಲಿ ಇಬ್ಬರದೂ ತಪ್ಪಿರುತ್ತದೆ ಎಂಬ ಅರ್ಥದ ಗಾದೆಗೂ ಈ ಪ್ರಶ್ನೆಗೂ ಸಂಬಂಧವಿಲ್ಲ, ಆದರೆ ಗಾದೆ ಬಾಯಿಗೆ ಬಂದ ಮೇಲೆ ಪ್ರಶ್ನೆ ಸತ್ತುಹೋಗುತ್ತದೆ. ಹಾಗಾಗಿ ಅದನ್ನು ಮೊದಲ ಕೋಆನ್ ಆಗಿ ಕೊಡದೆ ಥಾಂಗ್ ಕಾಲದ ಗುರು ಜಾವೋಜೋನ ನಾಯಿಯ ಕೋಆನ್‌ನಿಂದ ಶುರು ಮಾಡುತ್ತಾರೆ. ಒಳ್ಳೆಯ ಆಯ್ಕೆ.

ಕೂರುವ ವಿಷಯಕ್ಕೆ ಬರೋಣ, ಏಕೆಂದರೆ ಮೊದಲ ಎರಡು ಭಾನುವಾರ ಕೋಆನ್ ಮಾತೇ ಇಲ್ಲ, ಬರೀ ಕೂರುವುದು. ದಿಂಬುಗಳು ದುಂಡಗಿವೆ, ಅಡ್ಡಗಲ 14 ಅಂಗುಲ, ಎತ್ತರ ಸುಮಾರು 7, ಒಳಗೆ ಬೂರುಗದ ಹತ್ತಿ. ಒಂದಕ್ಕೆ ಒಂದು ಕೆ.ಜಿ.ಗಿಂತ ತುಸು ಹೆಚ್ಚು ಹತ್ತಿ ಹಿಡಿಯುತ್ತದೆ. ಕಡಿಮೆ ತುಂಬಿದರೆ ತಿಂಗಳೊಪ್ಪತ್ತಿನಲ್ಲೇ ರೊಟ್ಟಿಯ ಹಾಗೆ ಚಪ್ಪಟೆ. ಇಲ್ಲಿನ ಇಪ್ಪತ್ತರಲ್ಲಿ ಐದಾರು ದಿಂಬು ಈಗಾಗಲೇ ಆ ಸ್ಥಿತಿಯಲ್ಲಿವೆ, ಬೇಗ ಬಂದವರಿಗೆ ಗಟ್ಟಿ ದಿಂಬು ಸಿಗುತ್ತದೆ. ದಿಂಬು ತಗ್ಗಾದರೆ ಸೊಂಟ ಹಿಂದಕ್ಕೆ ಬೀಳುತ್ತದೆ, ಮೊಣಕಾಲು ನೆಲ ಬಿಟ್ಟು ಮೇಲೇಳುತ್ತದೆ, ಹತ್ತು ನಿಮಿಷದಲ್ಲಿ ನಡು ನೋಯುತ್ತದೆ. ಎರಡು ಮೊಣಕಾಲು, ಒಂದು ಕುಂಡಿ, ಈ ಮೂರೂ ಊರಿಕೊಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ದಿಂಬಿನ ಪೂರ್ತಿ ಮೇಲೆ ಕೂರಬಾರದು, ಮುಂದಿನ ಅರ್ಧದಲ್ಲಿ ಮಾತ್ರ. ಪದ್ಮಾಸನವೇ ಆಗಬೇಕೆಂದಿಲ್ಲ, ಒಂದು ಕಾಲು ಇನ್ನೊಂದರ ಮುಂದೆ ನೆಲದ ಮೇಲೆ ಇಟ್ಟರೂ ನಡೆಯುತ್ತದೆ. ಮಂಡಿನೋವಿನವರಿಗೆ ಕುರ್ಚಿ ಇದೆ. ಕುರ್ಚಿಯಲ್ಲಿ ಒರಗಬಾರದು, ಪಾದ ಎರಡೂ ಊರಿರಬೇಕು, ತೊಡೆ ಮೊಣಕಾಲಿನ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು.

ಕೈಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಕಡೆ ಧ್ಯಾನಮುದ್ರೆಯ ಬುದ್ಧನ ಮೂರ್ತಿಗಳಲ್ಲಿ ಬಲಗೈ ಮೇಲಿರುತ್ತದೆ. ಝೆನ್‌ನಲ್ಲಿ ಎಡಗೈ ಮೇಲೆ, ಎರಡು ಹೆಬ್ಬೆರಳ ತುದಿ ಮೆಲ್ಲಗೆ ತಾಗಿರಬೇಕು. ಹೆಬ್ಬೆರಳು ಒಳ್ಳೆಯ ಸೂಚಕ: ಜೋಂಪು ಹತ್ತಿದರೆ ಜಾರುತ್ತವೆ, ಹಟ ಹೆಚ್ಚಾದರೆ ಒತ್ತಿ ಗುಡ್ಡದಂತೆ ಮೇಲೇಳುತ್ತವೆ. ಕಣ್ಣು ಮುಚ್ಚಬಾರದು. ಅರೆತೆರೆದು ಮೂರಡಿ ದೂರದ ನೆಲದ ಮೇಲೆ ದೃಷ್ಟಿ ಇಳಿಬಿಡಬೇಕು. ಕಣ್ಣು ಮುಚ್ಚಿ ಜಪ ಮಾಡಿ ಅಭ್ಯಾಸವಾದವರಿಗೆ ಇದು ಮೊದಲಿಗೆ ಹಿಂಸೆ, ಆದರೆ ಬೆಳಗಿನ ಆರೂವರೆಗೆ ಕಣ್ಣು ಮುಚ್ಚಿದರೆ ನಿದ್ದೆಯೇ ಗತಿ.

25 ನಿಮಿಷ ಕೂರುವುದು, 5 ನಿಮಿಷ ನಡೆಯುವುದು, ಮತ್ತೆ 25. ಕಾಲು ಜೋಮು ಹಿಡಿದಿದ್ದರೆ ಗಂಟೆ ಬಾರಿಸಿದ ಕೂಡಲೇ ಎದ್ದು ನಿಲ್ಲಬಾರದು ಎಂದು ಪ್ರತಿ ವಾರ ಹೇಳುತ್ತಾರೆ. ಪಾದದ ಅರಿವಿಲ್ಲದೆ ಹೆಜ್ಜೆ ಇಟ್ಟರೆ ಗಿಣ್ಣು ಉಳುಕುತ್ತದೆ. ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಬೇಕು, ಹತ್ತಾದ ಮೇಲೆ ಮತ್ತೆ ಒಂದು. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕದೆ ಒಂದಕ್ಕೆ ಬರಬೇಕು. ಹದಿನಾಲ್ಕು, ಹದಿನೈದು ಎಂದು ಎಣಿಕೆ ಸಾಗುತ್ತಿದ್ದರೆ ಮನಸ್ಸು ಎಲ್ಲೋ ಹೋಗಿ ಬಾಯಿಪಾಠ ನಡೆಯುತ್ತಿದೆ ಎಂದೇ ಅರ್ಥ. ಉಸಿರನ್ನು ಎಳೆದು ಬಿಟ್ಟು ಪ್ರಾಣಾಯಾಮ ಮಾಡುವಂತಿಲ್ಲ. ಯೋಗ ತರಗತಿಗಳಿಂದ ಬಂದವರು ಇಲ್ಲೇ ಎಡವುವುದು.

ಮೂರನೇ ಭಾನುವಾರ ನಾಯಿ ಬರುತ್ತದೆ. ಇಡೀ ತರಗತಿಯ ಜೀವ ಇಲ್ಲಿದೆ.

ಒಬ್ಬ ಸನ್ಯಾಸಿ ಜಾವೋಜೋನನ್ನು (778–897) ಕೇಳಿದ: ‘ನಾಯಿಗೂ ಬುದ್ಧಸ್ವಭಾವ ಇದೆಯೋ ಇಲ್ಲವೋ?’ ಜಾವೋಜೋ ಹೇಳಿದ: ‘ಇಲ್ಲ.’ ಚೀನಿಯಲ್ಲಿ ‘ವು’, ಜಪಾನಿಯಲ್ಲಿ ‘ಮು’. ಈ ಒಂದು ಕೋಆನ್ ಕನ್ನಡಕ್ಕೆ ಎಷ್ಟು ಚೆನ್ನಾಗಿ ಕೂಡುತ್ತದೆ ಎಂಬುದು ಅಚ್ಚರಿ ತರುವ ಸಂಗತಿ. ಚೀನೀ ಮೂಲದಲ್ಲಿ ಪ್ರಶ್ನೆಯ ಕೊನೆಯ ಪದವೇ ‘ವು’: ಇದೆಯೋ, ವು? ಅಂದರೆ ಜಾವೋಜೋ ಹೊಸದೇನನ್ನೂ ಹೇಳಲಿಲ್ಲ. ಕೇಳಿದವನ ಬಾಲಪದವನ್ನೇ ಎತ್ತಿ ಅವನ ಮುಂದಿಟ್ಟ. ‘ಇದೆಯೋ ಇಲ್ಲವೋ’, ‘ಇಲ್ಲ’ ಎಂಬ ಕನ್ನಡದಲ್ಲಿ ಅದು ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಓದಿದವರಿಗೆ ಇದು ಕಾಣಿಸುವುದೇ ಕಷ್ಟ.

ಇನ್ನೊಂದು. ಕನ್ನಡಕ್ಕೆ ಎರಡು ನಿಷೇಧಗಳಿವೆ, ‘ಇಲ್ಲ’ ಮತ್ತು ‘ಅಲ್ಲ’. ‘ವು’ ಎಂದರೆ ಇಲ್ಲ. ವೂಮೆನ್‌ನ 33ನೇ ಪ್ರಕರಣದಲ್ಲಿ ಥಾಂಗ್ ಕಾಲದ ಗುರು ಮಾಜು ಹೇಳುವ ಮಾತು ಬೇರೆ: ‘ಮನಸ್ಸೂ ಅಲ್ಲ, ಬುದ್ಧನೂ ಅಲ್ಲ.’ ಅಲ್ಲಿರುವುದು ‘ಅಲ್ಲ’ ಎಂಬ ನಿಷೇಧ. ಕಿರುಹೊತ್ತಿಗೆ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ, ಅನುವಾದಿಸಿದವರಿಗೆ ಕೈಮುಗಿಯಬೇಕು.

ಆದರೆ ಕೂತಾಗ ಬಳಸಬೇಕಾದದ್ದು ‘ಇಲ್ಲ’ವೋ ‘ಮು’ವೋ? ತರಗತಿಯಲ್ಲಿ ಯಾವುದಾದರೂ ಸರಿ ಎನ್ನುತ್ತಾರೆ. ಇದು ಒಪ್ಪತಕ್ಕ ಮಾತಲ್ಲ. ಕಾರಣ ಎರಡು. ‘ಇಲ್ಲ’ ಎಂದಾಗ ನಾಲಿಗೆ ಮೇಲೆ ತಾಗಿ ಉಸಿರು ತುಂಡಾಗುತ್ತದೆ. ‘ಮೂ…’ ಎಂದು ಮನಸ್ಸಿನಲ್ಲೇ ಎಳೆದರೆ ಹೊರಹೋಗುವ ಉಸಿರಿನ ಕೊನೆಯವರೆಗೂ ಅದು ಜೊತೆಗೆ ಹೋಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಕನ್ನಡಿಗರ ಕಿವಿಗೆ ‘ಇಲ್ಲ’ ಎಂದು ಬಿದ್ದರೆ ‘ಏನು ಇಲ್ಲ?’ ಎಂದು ಮನಸ್ಸು ಕೇಳಿಯೇ ಕೇಳುತ್ತದೆ. ಇಲ್ಲದ ವಸ್ತುವನ್ನು ಹುಡುಕಲು ಹೊರಡುತ್ತದೆ. ಇದನ್ನು ಶೂನ್ಯವೆಂದೂ ತಿಳಿಯಬೇಡ, ಇದೆ–ಇಲ್ಲದ ‘ಇಲ್ಲ’ವೆಂದೂ ತಿಳಿಯಬೇಡ ಎಂದು ವೂಮೆನ್ ತನ್ನ ಟಿಪ್ಪಣಿಯಲ್ಲೇ ಎಚ್ಚರಿಸಿದ್ದಾನೆ. ಜಾವೋಜೋನೇ ಇನ್ನೊಂದು ಸಲ ಇದೇ ಪ್ರಶ್ನೆಗೆ ‘ಇದೆ’ ಎಂದ ದಾಖಲೆಯೂ ಇದೆ. ಹಾಗಾಗಿ ಪ್ರಕರಣ ಓದುವಾಗ ‘ಇಲ್ಲ’, ದಿಂಬಿನ ಮೇಲೆ ‘ಮು’. ಹೊಸಬರು ಮೊದಲ ದಿನವೇ ಇದನ್ನು ಗಟ್ಟಿ ಮಾಡಿಕೊಳ್ಳುವುದು ಮೇಲು.

ಅಭ್ಯಾಸದ ಕ್ರಮ ಸರಳ. ಕೂತು ಮೊದಲ ಐದು ನಿಮಿಷ ಉಸಿರಿನ ಎಣಿಕೆ. ಮೈ ನೆಲೆಗೊಂಡ ಮೇಲೆ ಎಣಿಕೆ ಬಿಟ್ಟು, ಉಸಿರು ಹೊರಗೆ ಹೋಗುವಾಗ ಒಳಗೇ ‘ಮು’. ನಾಯಿ, ಸನ್ಯಾಸಿ, ಜಾವೋಜೋ ಯಾರೂ ಬೇಡ, ಅದೊಂದೇ. ಗಮನ ಹೊಕ್ಕುಳಿನಿಂದ ಎರಡು ಮೂರು ಬೆರಳು ಕೆಳಗೆ. ಯೋಚನೆ ಬಂದರೆ ಓಡಿಸುವುದೂ ಬೇಡ, ಉಪಚರಿಸುವುದೂ ಬೇಡ, ಮುಂದಿನ ಉಸಿರಿಗೆ ‘ಮು’. ನಡೆಯುವ ಐದು ನಿಮಿಷದಲ್ಲೂ ಅದೇ. ಮನೆಗೆ ಹೋಗಿ ಸೊಪ್ಪು ಬಿಡಿಸುವಾಗ, ಬಸ್ಸಿಗೆ ಕಾಯುವಾಗ, ಗಮನ ಬೇಡದ ಕೆಲಸಗಳಲ್ಲೂ ಅದೇ. ಗಾಡಿ ಓಡಿಸುವಾಗ ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತಾರೆ.

ಜಪ ಮಾಡಿದಂತೆ ಮಾಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ‘ಮು’ ಮಂತ್ರವಲ್ಲ, ಅದನ್ನು ಹೇಳಿದ್ದಕ್ಕೆ ಫಲವಿಲ್ಲ. ಅದರೊಳಗೆ ‘ಇದೇನು?’ ಎಂಬ ತುಡಿತ ಇರಬೇಕು. ಈ ತುಡಿತಕ್ಕೆ ಝೆನ್‌ನಲ್ಲಿ ‘ಮಹಾ ಸಂದೇಹ’ ಎನ್ನುತ್ತಾರೆ, ಮಹಾ ಶ್ರದ್ಧೆ ಮತ್ತು ಮಹಾ ಸಂಕಲ್ಪಗಳ ಜೊತೆಗೆ ಮೂರನೆಯ ಕಾಲು ಅದು. ‘ಸಂದೇಹ’ ಎಂಬ ಪದ ನಮ್ಮಲ್ಲಿ ಅಪನಂಬಿಕೆಗೆ ಹತ್ತಿರ, ಹಾಗಾಗಿ ಹೊಸಬರಿಗೆ ಗಲಿಬಿಲಿ. ವೂಮೆನ್ ಕೊಡುವ ಹೋಲಿಕೆ ಕೆಂಡದಂತೆ ಕಾದ ಕಬ್ಬಿಣದ ಗುಂಡು ನುಂಗಿದ್ದು, ಉಗುಳಲು ನೋಡಿದರೂ ಆಗದ್ದು. ನಮ್ಮ ಭಾಷೆಯಲ್ಲಿ ಇದು ಬಾಯಲ್ಲಿಟ್ಟ ಬಿಸಿತುಪ್ಪ. ತರಗತಿಯಲ್ಲಿ ಈ ಮಾತು ಬಂದ ಕ್ಷಣ ಇಡೀ ಕೋಣೆಗೆ ವಿಷಯ ಹತ್ತುತ್ತದೆ. ಯಾವ ವ್ಯಾಖ್ಯಾನವೂ ಬೇಕಾಗುವುದಿಲ್ಲ.

ಆ ತುಡಿತವನ್ನು ತಲೆಯಲ್ಲಿ ಹಿಂಡಿದರೆ ಮೈ ಕೆಡುತ್ತದೆ. ಬಿಸಿ ತಲೆಗೇರುವುದು, ಕಾಲು ತಣ್ಣಗಾಗುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ಇದನ್ನು ‘ಝೆನ್ ಕಾಯಿಲೆ’ ಎಂದು ಹಾಕುಇನ್ ಸ್ವತಃ ಅನುಭವಿಸಿ ಬರೆದಿದ್ದಾನೆ. ಅವನು ಹೇಳುವ ಮದ್ದು ಬೆಣ್ಣೆ. ಮೊಟ್ಟೆಯಷ್ಟು ದೊಡ್ಡ ಮೆದು ಬೆಣ್ಣೆಯುಂಡೆ ನೆತ್ತಿಯ ಮೇಲಿದೆ ಎಂದು ಭಾವಿಸುವುದು; ಅದು ಮೆಲ್ಲಗೆ ಕರಗಿ ತಲೆ, ಹೆಗಲು, ತೋಳು, ಎದೆ, ಹೊಟ್ಟೆ, ಬೆನ್ನು, ಕಾಲುಗಳ ಉದ್ದಕ್ಕೂ ಇಳಿದು ಅಂಗಾಲಿಗೆ ಬರುವುದು. ನಾಲ್ಕನೇ ವಾರ ಇದನ್ನು ಮಲಗಿಸಿ ಹದಿನೈದು ನಿಮಿಷ ಮಾಡಿಸುತ್ತಾರೆ. ಎಳ್ಳೆಣ್ಣೆ, ಹರಳೆಣ್ಣೆ ನೆತ್ತಿಗೆ ಹಚ್ಚಿಸಿಕೊಂಡು ಬೆಳೆದವರಿಗೆ ಇದನ್ನು ಊಹಿಸಿಕೊಳ್ಳಲು ಶ್ರಮವೇ ಇಲ್ಲ. ಪರಿಚಯ ತರಗತಿಯಲ್ಲಿ ಇಷ್ಟು ಮುಂಚಿತವಾಗಿ ಇದನ್ನು ಸೇರಿಸಿದ್ದು ಜವಾಬ್ದಾರಿಯ ಕೆಲಸ. ಹೆಸರು ಬರೆಸುವ ಅರ್ಜಿಯಲ್ಲಿ ನಿದ್ದೆ, ಖಿನ್ನತೆ, ತೆಗೆದುಕೊಳ್ಳುವ ಮಾತ್ರೆಗಳ ಬಗ್ಗೆಯೂ ಕೇಳುತ್ತಾರೆ, ಅಂಥವರಿಗೆ ಮೊದಲು ವೈದ್ಯರನ್ನು ಕಂಡು ಬನ್ನಿ ಎನ್ನುತ್ತಾರೆ. ಇದನ್ನು ಮುಚ್ಚುಮರೆಯಿಲ್ಲದೆ ತುಂಬಬೇಕು.

ಕೋಆನ್ ಅಭ್ಯಾಸವನ್ನು ಪುಸ್ತಕದಿಂದ ಬೇರೆ ಮಾಡುವುದು ದೊಕುಸಾನ್, ಗುರುವಿನ ಎದುರು ಒಬ್ಬೊಬ್ಬರೇ ಕೂರುವುದು. ಇಲ್ಲಿ ಎಲ್ಲರೂ ಕೂತಿರುವಾಗ ಪಕ್ಕದ ಕೋಣೆಯಲ್ಲಿ ಅದು ನಡೆಯುತ್ತದೆ. ಒಳಗೆ ಹೋಗಿ ನಮಸ್ಕರಿಸಿ, ತನ್ನ ಕೋಆನ್ ಯಾವುದೆಂದು ಹೇಳಿ, ತನಗೆ ಕಂಡದ್ದನ್ನು ಎದುರಿಗಿಡಬೇಕು. ವಿವರಿಸಲು ಹೊರಟರೆ ‘ಹೇಳಬೇಡಿ, ತೋರಿಸಿ’ ಎನ್ನುತ್ತಾರೆ. ಕಿರುಗಂಟೆ ಬಾರಿಸಿದರೆ ಎದ್ದು ಬರಬೇಕು, ಮಾತು ಅರ್ಧದಲ್ಲಿದ್ದರೂ. ಒಬ್ಬರಿಗೆ ನಾಲ್ಕು ನಿಮಿಷ, ವಾರಕ್ಕೆ ಹತ್ತೇ ಜನ. ಅಲ್ಲಿಗೆ ಒಬ್ಬರಿಗೆ ಹದಿನೈದು ದಿನಕ್ಕೊಮ್ಮೆ. ಒಳಗೆ ನಡೆದದ್ದನ್ನು ಹೊರಗೆ ಹೇಳುವಂತಿಲ್ಲ. ಇದು ಗುಟ್ಟಿನ ಆಡಂಬರವಲ್ಲ. ಇನ್ನೊಬ್ಬರ ಉತ್ತರ ಕಿವಿಗೆ ಬಿದ್ದರೆ ನಮ್ಮ ಪ್ರಶ್ನೆ ಅಲ್ಲೇ ತಣ್ಣಗಾಗುತ್ತದೆ. ಜಪಾನಿನಲ್ಲಿ 1916ರಲ್ಲಿ ಕೋಆನ್‌ಗಳ ಉತ್ತರಗಳನ್ನೇ ಅಚ್ಚು ಹಾಕಿದ ಪುಸ್ತಕ ಬಂತು. ಅದನ್ನು ಉರುಹೊಡೆದವರಿಂದ ಗುರುಗಳಿಗೆ ತೊಂದರೆಯಾಗುವುದಿಲ್ಲ, ಏಕೆಂದರೆ ಒಂದು ಉತ್ತರದ ಹಿಂದೆಯೇ ಪರೀಕ್ಷೆಯ ಉಪಪ್ರಶ್ನೆಗಳು ಬರುತ್ತವೆ. ಅಲ್ಲಿ ಬಾಯಿಪಾಠ ನಿಲ್ಲುವುದಿಲ್ಲ.

ನಡೆಸುವವರು ತಮಗೆ ಕೋಆನ್ ‘ಪಾಸು’ ಮಾಡುವ ಅಧಿಕಾರ ಯಾರೂ ಕೊಟ್ಟಿಲ್ಲ, ಈ ಭೇಟಿ ಅಭ್ಯಾಸದ ದಾರಿ ನೋಡಲಷ್ಟೇ ಎಂದು ಮೊದಲ ದಿನವೇ ಹೇಳುತ್ತಾರೆ. ಆ ಪ್ರಾಮಾಣಿಕತೆಗೆ ಬೆಲೆ ಕೊಡಬೇಕು. ಝೆನ್‌ನಲ್ಲಿ ಗುರುಪರಂಪರೆಯ ಒಪ್ಪಿಗೆ ಇಲ್ಲದೆ ‘ನಿನಗೆ ಆಯಿತು’ ಎನ್ನುವವರಿಂದ ದೂರ ಇರುವುದೇ ಕ್ಷೇಮ.

ಕೊನೆಯ ಎರಡು ವಾರದ ಮಾತು. ಏಳನೇ ಭಾನುವಾರದಿಂದ ದೊಕುಸಾನ್ ನಿಲ್ಲಿಸಿ ಗುಂಪು ಚರ್ಚೆ ಇಡುತ್ತಾರೆ. ಎರಡು ವಾರದಲ್ಲಿ ಐದು ಕೋಆನ್‌ಗಳು: ಹುಯಿನೆಂಗ್‌ನ ಬಾವುಟ, ಜುದಿಯ ಬೆರಳು, ದೊಂಗ್‌ಶಾನ್‌ನ ಮೂರು ಜಿನ್ (ಚೀನೀ ತೂಕ) ನಾರು, ಅಂಗಳದ ಮರ, ಗಂಜಿಯ ಬಟ್ಟಲು. ಪ್ರತಿಯೊಂದನ್ನೂ ‘ಇದರ ತಾತ್ಪರ್ಯ ಏನಿರಬಹುದು’ ಎಂದು ಕೇಳುತ್ತಾ ಹೋಗುತ್ತಾರೆ. ನಾಲ್ಕು ವಾರ ‘ತೋರಿಸಿ’ ಎಂದವರೇ ಈಗ ‘ಹೇಳಿ’ ಎಂದರೆ ಕೂತವರು ಯಾವುದನ್ನು ಹಿಡಿಯಬೇಕು? ಗಂಜಿಯ ಪ್ರಕರಣವನ್ನೇ ನೋಡಿ. ‘ಈಗಷ್ಟೇ ಮಠಕ್ಕೆ ಸೇರಿದ್ದೇನೆ, ಬೋಧಿಸಿ’ ಎಂದು ಸನ್ಯಾಸಿ ಜಾವೋಜೋನನ್ನು ಕೇಳುತ್ತಾನೆ. ‘ಗಂಜಿ ಉಂಡೆಯಾ?’ ‘ಉಂಡೆ.’ ‘ಹಾಗಾದರೆ ಬಟ್ಟಲು ತೊಳಿ.’ ದಿನಕ್ಕೆ ಹತ್ತು ಸಲ ‘ಊಟ ಆಯ್ತಾ’ ಎಂದು ಕೇಳುವ ಊರಿನವರಿಗೆ ಇದಕ್ಕಿಂತ ಹತ್ತಿರದ ಕೋಆನ್ ಇಲ್ಲ. ಅದನ್ನು ‘ಕಾಯಕದ ಮಹತ್ವ’ ಎಂದು ಒಂದು ಸಾಲಿಗೆ ಇಳಿಸಿ ಹಲಗೆಯ ಮೇಲೆ ಬರೆದುಬಿಟ್ಟರೆ ಪಾಪ, ಅದು ಕೈತಪ್ಪಿ ಹೋಯಿತು. ಮುಂದೆ ಯಾರಾದರೂ ಅದನ್ನು ಹಿಡಿದು ಕೂರಬೇಕೆಂದರೂ ಹಲಗೆಯ ಸಾಲೇ ಅಡ್ಡ ಬರುತ್ತದೆ. ಆ ಎರಡು ವಾರವೂ ದೊಕುಸಾನ್ ನಡೆದರೆ ಒಬ್ಬೊಬ್ಬರಿಗೂ ಎರಡರ ಬದಲು ಮೂರು ಭೇಟಿ ಸಿಗುತ್ತದೆ, ಒಂದೇ ‘ಮು’ ಆರು ವಾರ ಬೇಯುತ್ತದೆ. ವೂಮೆನ್‌ನಿಗೇ ಈ ಒಂದಕ್ಕೆ ಆರು ವರ್ಷ ಹಿಡಿಯಿತು ಎನ್ನುತ್ತಾರೆ.

ಐದನೇ ವಾರದ ಉಪನ್ಯಾಸದಲ್ಲಿ ಅಲ್ಲಮನ ಬೆಡಗಿನ ವಚನಗಳ ಹೋಲಿಕೆ ಬರುತ್ತದೆ. ತುಮಕೂರಿನಲ್ಲಿ ಅದು ಬರದಿದ್ದರೇ ತಪ್ಪು. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಒಂದನ್ನು ಕಟ್ಟಿದ ಸಿದ್ಧವೀರಣ್ಣೊಡೆಯರು ಇಲ್ಲೇ ಪಕ್ಕದ ಗೂಳೂರಿನವರು. ಅಲ್ಲಮ ಎದುರಿನವರನ್ನು ಮಾತಿನಲ್ಲೇ ತಡೆದು ನಿಲ್ಲಿಸುವ ಆ ಸಂವಾದಗಳಿಗೂ ಛಾನ್ ಗುರುಗಳ ಸಂವಾದಗಳಿಗೂ ಹೋಲಿಕೆ ಇರುವುದು ನಿಜ. ಆದರೆ ಬೆಡಗಿಗೆ ನಮ್ಮಲ್ಲಿ ಟೀಕೆಗಳ ಪರಂಪರೆ ಇದೆ, ಒಂದೊಂದು ಸಂಕೇತಕ್ಕೂ ಅರ್ಥ ಹೇಳುವ ಕ್ರಮ. ಕೋಆನ್‌ಗೆ ಆ ಬೀಗದಕೈ ಹಾಕಬಾರದು. ಉಪನ್ಯಾಸದಲ್ಲಿ ಈ ವ್ಯತ್ಯಾಸವನ್ನು ಹೇಳುತ್ತಾರೆ, ಹೇಳಿ ಎರಡು ವಾರಕ್ಕೆ ತಾವೇ ಮರೆಯುತ್ತಾರೆ.

ಉಳಿದದ್ದು ಚಿಕ್ಕಪುಟ್ಟ ವಿಷಯ. ಬಾಗಿಲು 6.15ಕ್ಕೆ ತೆರೆಯುತ್ತದೆ, 6.30ಕ್ಕೆ ಹಾಕುತ್ತಾರೆ, ತಡವಾದವರು 6.55ಕ್ಕೆ ನಡಿಗೆ ಶುರುವಾದಾಗ ಒಳಗೆ ಸೇರಿಕೊಳ್ಳಬಹುದು. ಗುಬ್ಬಿ, ಕುಣಿಗಲ್, ಸಿರಾ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಇದು ಉಪಕಾರ. ಜೀನ್ಸ್ ಬೇಡ, ಮಂಡಿಯ ಹಿಂದೆ ರಕ್ತ ಕಟ್ಟುತ್ತದೆ. ಪಂಚೆ, ಸಡಿಲ ಪೈಜಾಮ, ಚೂಡಿದಾರ ಸರಿ. ತಿಂದು ಬರಬಾರದು, ಒಂದು ಲೋಟ ನೀರು ಸಾಕು. ಒಂಬತ್ತಕ್ಕೆ ಶುಂಠಿ ಕಷಾಯ ಕೊಡುತ್ತಾರೆ. ಬೀದಿಯ ಹಾಲಿನ ಗಾಡಿ, ದೇವಸ್ಥಾನದ ಮೈಕಿನ ಸದ್ದು ಬರುತ್ತದೆ. ಕಿಟಕಿ ಮುಚ್ಚುವುದಿಲ್ಲ, ಮುಚ್ಚಬಾರದು ಕೂಡ.

ಎಂಟು ವಾರದ ನಂತರವೂ ‘ಮು’ ಬಿಡದವರು ಮನೆಯಲ್ಲಿ ದಿನಕ್ಕೆ ಒಂದು 25 ನಿಮಿಷ ಕೂರುವುದನ್ನು ಮುಂದುವರಿಸಬಹುದು, ಆದರೆ ಅಧಿಕೃತ ಗುರುವಿನ ಎದುರು ಕೂರಲು ಊರು ಬಿಟ್ಟು ಹೋಗಲೇಬೇಕು. ನಮಗೆ ಹತ್ತಿರದ ಜಾಗ ಕೊಡೈಕೆನಾಲ್ ಬಳಿಯ ಪೆರುಮಾಳ್‌ಮಲೈನ ಬೋಧಿ ಝೆಂಡೊ, ಜೆಸ್ವಿಟ್ ಪಾದ್ರಿಯೂ ಝೆನ್ ಗುರುವೂ ಆದ ಆಮಾ ಸಾಮಿಯವರು 1996ರಲ್ಲಿ ಸ್ಥಾಪಿಸಿದ್ದು. ಅಲ್ಲಿ ದಿನಗಟ್ಟಲೆ ಮೌನದಲ್ಲಿ ಕೂರುವ ಶಿಬಿರಗಳು ನಡೆಯುತ್ತವೆ. ಮೊದಲೇ ಬರೆದು ಜಾಗ ಕಾಯ್ದಿರಿಸಿಕೊಂಡು ಹೋಗಬೇಕು.

ಇಲ್ಲಿ ಹೆಸರು ಬರೆಸುವವರಿಗೆ ಒಂದು ಮಾತು: ಕುರ್ಚಿ ಬೇಕಿದ್ದರೆ ಆಗಲೇ ಹೇಳಿ. ಇರುವುದು ನಾಲ್ಕೇ, ಕೈ ಇಲ್ಲದ ಕುರ್ಚಿಗಳು ಎರಡೇ.